ಹುರಿಯಿಲ್ಲದ ರೇಷ್ಮೆ: ಕಾಸ್ಟೆಲೊ ಬ್ರಾಂಕೊ ಕಸೂತಿಯ ಮೇಲಂಗಿಯೊಂದನ್ನು ಮಾಡಿದ ಬಗೆ

ಕಳೆದ ನವೆಂಬರ್‌ನಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜಿ ತಮ್ಮ ಮರದ ಪೆಟ್ಟಿಗೆಯಿಂದ ಹಳೆಯದೊಂದು ಕೊಲ್ಶವನ್ನು ತೆಗೆದು, ಮಂಚದ ಮೇಲೆ ಹಾಸಿ, ಅದರಲ್ಲಿ ಕೆಡದೆ ಉಳಿದ ಭಾಗವನ್ನು ಕತ್ತರಿಸಿ ಮೊಮ್ಮಗಳ ಮದುವೆಗೆ ಮೇಲಂಗಿ ಹೊಲಿದುಕೊಡಲು ಆಗುವುದೇ ಎಂದು ಕೇಳಿದರು. ಕೊಲ್ಶ ಎಂದರೆ ಹಾಸಿಗೆಯ ಮೇಲೆ ಹೊದಿಸುವ ದೊಡ್ಡ ಹೊದಿಕೆ. ಪೋರ್ಚುಗಲ್‌ನ ಒಳನಾಡಿನಲ್ಲಿ, ಸ್ಪೇನಿನ ಗಡಿಗೆ ಸಮೀಪವಿರುವ ಬೈರಾ ಬೈಶಾ ಸೀಮೆಯ ಈ ಕಾಸ್ಟೆಲೊ ಬ್ರಾಂಕೊ ಪಟ್ಟಣದಲ್ಲಿ, ಅಗಸೆನಾರಿನ ಲಿನನ್ ಬಟ್ಟೆಯ ಮೇಲೆ ರೇಷ್ಮೆಯ ಕಸೂತಿ ಹಾಕಿದ ಕೊಲ್ಶ ಮದುಮಗಳ ಎನ್ಶೊವಾಲ್‌ನಲ್ಲಿ, ಅಂದರೆ ತವರಿನಿಂದ ಒಯ್ಯುವ ಬಟ್ಟೆಬರೆಯಲ್ಲಿ, ಎಲ್ಲಕ್ಕಿಂತ ಮೇಲಿನ ವಸ್ತುವಾಗಿತ್ತು. ಇದು ಅಜ್ಜಿಯ ಅಜ್ಜಿ ತಮ್ಮ ಮದುವೆಗೆ ಮುಂಚೆ ತಾವೇ ಹಾಕಿದ ಕಸೂತಿ. ಮಡಿಕೆ ಬಿದ್ದ ಕಡೆಯಲ್ಲೆಲ್ಲ ಎಳೆಗಳು ತುಂಡಾಗಿ ಎದ್ದು ನಿಂತಿದ್ದವು. ಉಳಿದ ಕಡೆ ರೇಷ್ಮೆ ಇನ್ನೂ ನೀರಿನಂತೆ ಹೊಳೆಯುತ್ತಿತ್ತು.

ಒಂದು ರಾತ್ರಿ ಯೋಚಿಸಿ, ಮಾರನೆಯ ದಿನ ಬೆಳಿಗ್ಗೆ ಕತ್ತರಿಸಲಾಗದು ಎಂದು ಹೇಳಿದೆ. ಅದಕ್ಕೆ ಭಾವನೆಯ ಕಾರಣ ಇತ್ತೆಂಬುದು ನಿಜವಾದರೂ ನಾನು ಅವರ ಮುಂದಿಟ್ಟದ್ದು ಕೆಲಸದ ಕಾರಣವನ್ನು. ಈ ಕಸೂತಿಯಲ್ಲಿ ರೇಷ್ಮೆಯ ಎಳೆ ಆಕೃತಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಟ್ಟೆಯ ಮೇಲೆ ಸುಮ್ಮನೆ ಮಲಗಿರುತ್ತದೆ. ಅದು ಬಟ್ಟೆಯೊಳಗೆ ಇಳಿಯುವುದು ಆ ಎರಡು ತುದಿಗಳಲ್ಲಿ ಮಾತ್ರ. ನಡುವೆ ಕತ್ತರಿ ಆಡಿಸಿದರೆ, ಕಟ್ಟು ಬಿಚ್ಚಿದ ಹುಲ್ಲಿನ ಹೊರೆಯಂತೆ ಎಳೆಗಳೆಲ್ಲ ಸಡಿಲಾಗಿ ಹೊಲಿಗೆಯ ಅಂಚಿನಿಂದ ಜಾರಿಬಿಡುತ್ತವೆ. ಅದಲ್ಲದೆ ಆ ಕೊಲ್ಶದ ನಡುವೆ ಇದ್ದದ್ದು ಬುಡದಿಂದ ತುದಿಯವರೆಗೆ ಒಂದೇ ಬಳುಕಿನಲ್ಲಿ ಏರುವ ಜೀವವೃಕ್ಷ. ಅದರ ಕೊಂಬೆಯೊಂದನ್ನು ಕಡಿದು ಬೆನ್ನಿಗೆ ಅಂಟಿಸಿಕೊಂಡರೆ ಹೊದಿಕೆಯೂ ಹಾಳು, ಅಂಗಿಯೂ ಕುಂಟು. ಅದೇ ಮರ, ಅದೇ ಹಕ್ಕಿಗಳನ್ನು ಅದೇ ಹೊಲಿಗೆಯಲ್ಲಿ ಹೊಸ ಲಿನನ್ ಮೇಲೆ ಮೂಡಿಸಿ ಮೇಲಂಗಿ ಮಾಡುತ್ತೇನೆ, ಕೊಲ್ಶದ ಹರಿದ ಎಳೆಗಳನ್ನೂ ಭದ್ರಪಡಿಸಿಕೊಡುತ್ತೇನೆ ಎಂದೆ. ಮದುವೆ ಜೂನ್‌ನಲ್ಲಿತ್ತು.

ಹೇಳಿದಷ್ಟು ಸುಲಭದ ಕೆಲಸವಲ್ಲವೆಂಬುದು ಮೊದಲ ವಾರದಲ್ಲೇ ಗೊತ್ತಾಯಿತು. ನನ್ನಲ್ಲಿ ಒಳ್ಳೆಯ ರೇಷ್ಮೆ ಕಸೂತಿದಾರ ಇತ್ತು. ಅದರಿಂದ ಅಂಗೈಯಷ್ಟು ಜಾಗದಲ್ಲಿ ಹಕ್ಕಿಯ ರೆಕ್ಕೆಯೊಂದನ್ನು ತುಂಬಿ ಕೊಲ್ಶದ ಪಕ್ಕದಲ್ಲಿಟ್ಟು ನೋಡಿದೆ. ಬಣ್ಣ ಹೊಂದಿತ್ತು, ಅಳತೆಯೂ ಸರಿಯಿತ್ತು. ಆದರೆ ನನ್ನ ರೆಕ್ಕೆ ಮಂಕಾಗಿತ್ತು. ಅಂಗಡಿಯ ದಾರಕ್ಕೆ ಹುರಿ ಇದೆ. ಹುರಿ ಹಾಕಿದ ದಾರದ ಮೈಯಲ್ಲಿ ಎಳೆಗಳು ಓರೆಯಾಗಿ ಸುತ್ತಿಕೊಂಡಿರುವುದರಿಂದ ಅದರ ಮೇಲೆ ಬಿದ್ದ ಬೆಳಕು ಹತ್ತು ದಿಕ್ಕಿಗೆ ಚೆದುರುತ್ತದೆ. ಹುರಿಯಿಲ್ಲದ ರೇಷ್ಮೆಯಲ್ಲಾದರೋ ನೂರಾರು ಎಳೆಗಳು ಒಂದೇ ದಿಕ್ಕಿಗೆ ಚಪ್ಪಟೆಯಾಗಿ ಮಲಗಿ, ಬೆಳಕನ್ನು ಒಂದೇ ಕಡೆಗೆ ಮರಳಿಸುತ್ತವೆ. ರೇಷ್ಮೆ ಎಳೆಯ ಅಡ್ಡಕೊಯ್ತ ದುಂಡಗಿರದೆ ಮೂಲೆ ಸವೆದ ತ್ರಿಕೋನದಂತಿರುವುದು ಈ ಹೊಳಪಿನ ಮೂಲ. ಹುರಿ ಆ ಹೊಳಪನ್ನು ನುಂಗಿಬಿಡುತ್ತದೆ. ಇಲ್ಲಿನವರು ಈ ಹೊಲಿಗೆಯನ್ನು ಫ್ರೋಶು, ಅಂದರೆ ಸಡಿಲ, ಎಂದು ಕರೆಯುವುದರ ಅರ್ಥ ನನಗೆ ತಿಳಿದದ್ದು ಆ ಎರಡು ರೆಕ್ಕೆಗಳನ್ನು ಅಕ್ಕಪಕ್ಕ ಇಟ್ಟಾಗಲೇ.

ಹುರಿಯಿಲ್ಲದ ರೇಷ್ಮೆಗಾಗಿ ಕಚ್ಚಾ ರೇಷ್ಮೆಯಿಂದಲೇ ಆರಂಭಿಸಲು ತೀರ್ಮಾನಿಸಿದೆ. ಒಂದು ಕಾಲದಲ್ಲಿ ಈ ಸೀಮೆಯ ಹೆಂಗಸರು ಹಿತ್ತಲಿನ ಹಿಪ್ಪುನೇರಳೆಯ ಸೊಪ್ಪು ಹಾಕಿ ತಾವೇ ಹುಳು ಸಾಕಿ, ತಾವೇ ನೂಲು ತೆಗೆಯುತ್ತಿದ್ದರು. ಲಿಸ್ಬನ್ನಿನಲ್ಲಿ 1734ರಲ್ಲಿ ಅರಮನೆಯ ಆಶ್ರಯದ ರೇಷ್ಮೆ ಕಾರ್ಖಾನೆ ಆರಂಭವಾಯಿತು. ಪೊಂಬಾಲ್ ಮಂತ್ರಿಯಾಗಿದ್ದಾಗ ಅದರ ಸುತ್ತಮುತ್ತ ಹಿಪ್ಪುನೇರಳೆಯ ಮರಗಳನ್ನು ನೆಡಿಸಿದ ಜಾಗ ಇಂದಿಗೂ ಅಮೊರೈರಾಶ್, ಅಂದರೆ ಹಿಪ್ಪುನೇರಳೆಗಳು, ಎಂಬ ಹೆಸರಿನ ಉದ್ಯಾನವಾಗಿದೆ. ಉತ್ತರದ ಶಾಸಿಂ ಎಂಬ ಹಳ್ಳಿಗೆ 1788ರಲ್ಲಿ ಇಟಲಿಯ ಪೀಡ್‌ಮಾಂಟ್ ಕಡೆಯ ಕುಟುಂಬವೊಂದನ್ನು ಕರೆಸಿ ನೂಲು ಬಿಚ್ಚಾಣಿಕೆಯ ಹೊಸ ಕ್ರಮವನ್ನು ಕಲಿಸಲಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪೆಬ್ರಿನ್ ರೋಗ, ನಮ್ಮ ಕಡೆಯ ರೈತರು ಗಂಟುರೋಗ ಎನ್ನುವ ಅದೇ ಪಿಡುಗು, ಯುರೋಪಿನ ಹುಳುಗಳನ್ನು ಕೊಂದುಹಾಕಿತು. ಈಗ ಗೂಡಿನಿಂದ ಬಟ್ಟೆಯವರೆಗೆ ಎಲ್ಲವನ್ನೂ ಕೈಯಿಂದಲೇ ಮಾಡುವ ಪದ್ಧತಿಯನ್ನು ಉಳಿಸಿಕೊಂಡಿರುವ ಊರು ಈಶಾನ್ಯ ಗಡಿಯ ಫ್ರೈಶು ದೆ ಎಶ್ಪಾದ ಅ ಸಿಂತ. ಅಲ್ಲಿ ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಎಳೆ ಎಳೆಯುವುದನ್ನು ನಿಂತು ನೋಡಿದಾಗ ಶಿಡ್ಲಘಟ್ಟದ ನಮ್ಮ ಮಾವನ ಮನೆಯ ಹಿಂದಿನ ಚರಕದ ವಾಸನೆ ಮೂಗಿಗೆ ಬಂದಂತಾಯಿತು. ಅಲ್ಲಿನ ನೂಲು ಅಲ್ಲಿನ ಮಗ್ಗಗಳಿಗೇ ಬೇಕು. ಅದನ್ನು ಕೇಳಲು ನನಗೆ ಮನಸ್ಸು ಬರಲಿಲ್ಲ.

ಆದ್ದರಿಂದ ಶಿಡ್ಲಘಟ್ಟದಿಂದಲೇ ನೂಲು ತರಿಸಿದೆ. ಇದನ್ನು ಕೇಳಿ ಅಜ್ಜಿ ಒಂದು ಕ್ಷಣ ಹುಬ್ಬೇರಿಸಿದರಾದರೂ, ಈ ಹೊದಿಕೆಗಳ ಹಿಂದೆ ಹಿಂದೂಸ್ಥಾನದ ನೆರಳು ಮೊದಲಿನಿಂದ ಇದ್ದೇ ಇದೆ. ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ಪೋರ್ಚುಗೀಸ್ ವರ್ತಕರು ಬಂಗಾಳದ ಸಾತಗಾಂವ್ ಮತ್ತು ಹೂಗ್ಲಿಯ ಕಡೆಯಿಂದ ಕಾಡುರೇಷ್ಮೆಯ ಹಳದಿ ದಾರದಲ್ಲಿ ಸರಪಳಿ ಹೊಲಿಗೆ ಹಾಕಿದ ಕೊಲ್ಶಗಳನ್ನು ಮಾಡಿಸಿ ಹಡಗಿನಲ್ಲಿ ತಂದಿದ್ದರು. ಕಾಸ್ಟೆಲೊ ಬ್ರಾಂಕೊದ ಜೀವವೃಕ್ಷ, ದಾಳಿಂಬೆ, ಎರಡು ತಲೆಯ ಹದ್ದು ಇವೆಲ್ಲ ಪೂರ್ವದ ಬಟ್ಟೆಗಳನ್ನು ನೋಡಿದ ಕಣ್ಣುಗಳಿಂದ ಹುಟ್ಟಿದವು ಎಂಬುದು ಇಲ್ಲಿನ ಹಳೆಯ ಬಿಷಪ್ಪರ ಅರಮನೆಯಲ್ಲಿರುವ ತವಾರಿಶ್ ಪ್ರುಯೆನ್ಸ ಜೂನಿಯರ್ ವಸ್ತುಸಂಗ್ರಹಾಲಯದ ಕೊಲ್ಶಗಳ ಮುಂದೆ ನಿಂತರೆ ಯಾರಿಗಾದರೂ ಕಾಣುತ್ತದೆ.

ಮಾವನ ಮಗ ದ್ವಿತಳಿ ಗೂಡಿನ ನೂಲನ್ನು 24 ಎಳೆ ಜೊತೆಗೂಡಿಸಿ, ಕೈಗೆ ಸಿಗುವಷ್ಟು ಮಾತ್ರ, ಮೀಟರಿಗೆ ಹತ್ತು ಸುತ್ತಿನಷ್ಟು, ತಿರುವು ಕೊಟ್ಟು 60 ಗ್ರಾಂ ಲಡಿ ಮಾಡಿ ಕಳುಹಿಸಿದ. ಕಚ್ಚಾ ರೇಷ್ಮೆ ಕೈಗೆ ಒರಟು, ಕುದುರೆಯ ಕೂದಲಿನಂತೆ. ಅದರ ತೂಕದ ನಾಲ್ಕನೆಯ ಒಂದು ಭಾಗದಷ್ಟು ಸೆರಿಸಿನ್ ಎಂಬ ಅಂಟು. ಅದು ಹೋದ ಮೇಲೆಯೇ ಹೊಳಪು ಹೊರಬರುವುದು. ಲಡಿಗಳನ್ನು ಎಂಟರ ಆಕಾರದಲ್ಲಿ ಹತ್ತಿ ದಾರದಿಂದ ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತೆಳು ಬಟ್ಟೆಯ ಚೀಲದಲ್ಲಿಟ್ಟು, ಎರಡು ಲೀಟರ್ ಮಳೆನೀರಿಗೆ 15 ಗ್ರಾಂ ಆಲಿವ್ ಎಣ್ಣೆಯ ಸಾಬೂನು ತುರಿದು ಹಾಕಿ, ಕುದಿಯಲು ಬಿಡದೆ 90 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಇಟ್ಟೆ. ನೀರು ಕುದಿದು ಕುಣಿದರೆ ಲಡಿ ಸಿಕ್ಕಾಗುತ್ತದೆ, ಆಮೇಲೆ ಬಿಡಿಸಲು ದೇವರೇ ಬರಬೇಕು. ಎರಡನೆಯ ಸಲ ಅರ್ಧದಷ್ಟು ಸಾಬೂನಿನಲ್ಲಿ ಅರ್ಧ ಗಂಟೆ ಇಟ್ಟು, ಬೆಚ್ಚನೆಯ ನೀರಿನಲ್ಲಿ ಮೂರು ಸಲ ಜಾಲಿಸಿದೆ. ಒಣಗಿದ ಮೇಲೆ ತೂಗಿದರೆ 45 ಗ್ರಾಂ. ಲಡಿಯನ್ನು ಎರಡು ಕೈಗಳಲ್ಲಿ ಹಿಡಿದು ಹಿಂಡಿದಾಗ ಹೊಸ ಹಿಮದ ಮೇಲೆ ಹೆಜ್ಜೆಯಿಟ್ಟಂಥ ಕಿರುಗುಟ್ಟುವಿಕೆ ಕೇಳಿಸಿತು. ಅಂಟು ಪೂರ್ತಿ ಹೋಗಿದೆ ಎಂಬುದಕ್ಕೆ ನನ್ನ ತಾಯಿ ನಂಬುತ್ತಿದ್ದ ಗುರುತು ಅದೊಂದೇ.

ಬಣ್ಣದ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ರೇಷ್ಮೆಯ ತೂಕದ ನೂರಕ್ಕೆ 12ರಷ್ಟು ಪಟಿಕವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ರಾತ್ರಿಯಿಡೀ ನೆನೆಸಿದ ಮೇಲೆ, ಕೆಂಪಿಗೆ ಮಂಜಿಷ್ಠದ ಬೇರು, ಹಳದಿಗೆ ಈರುಳ್ಳಿ ಸಿಪ್ಪೆ ಬಳಸಿದೆ. ಮಂಜಿಷ್ಠದ ನೀರು 65 ಡಿಗ್ರಿ ದಾಟಿದರೆ ಕೆಂಪು ಕಂದಿಗೆ ತಿರುಗುತ್ತದೆಯಾದ್ದರಿಂದ ಒಲೆಯ ಮುಂದೆ ಕುಳಿತೇ ಇರಬೇಕಾಯಿತು. ನೀಲಿಯ ತೊಟ್ಟಿಗೆ ಸುಣ್ಣ ಬೇಕು, ರೇಷ್ಮೆಗೆ ಕ್ಷಾರ ಆಗದು. ಸುಣ್ಣವನ್ನು ಆದಷ್ಟು ಕಡಿಮೆ ಮಾಡಿ, ಒಂದೊಂದು ನಿಮಿಷದ ಮುಳುಗುಗಳನ್ನು ಕೊಟ್ಟು, ಕೊನೆಗೆ ವಿನಿಗರ್ ಬೆರೆಸಿದ ನೀರಿನಲ್ಲಿ ತೊಳೆದೆ. ಹಸಿರು ಬೇಕಾದಷ್ಟನ್ನು ನೀಲಿಯ ಮೇಲೆ ಹಳದಿ ಹಾಕಿ ಪಡೆದೆ. ಹಕ್ಕಿಯ ಎದೆಗೆ ಬಣ್ಣವಿಲ್ಲದ ದಂತದ ಬಿಳುಪನ್ನೇ ಉಳಿಸಿಕೊಂಡೆ.

ಮೇಲಂಗಿಯ ನಕ್ಷೆಯನ್ನು ತೀರ್ಮಾನಿಸಿದ್ದು ಹೊಲಿಗೆಯೇ. ಹಾಸಿಗೆಯ ಮೇಲಿನ ಹೊದಿಕೆಗೆ ಉಜ್ಜಾಟವಿಲ್ಲ. ಮೈಮೇಲಿನ ಬಟ್ಟೆಗೆ ತೋಳಿನ ಕೆಳಗೆ, ಮಣಿಕಟ್ಟಿನಲ್ಲಿ, ಕೊರಳಿನಲ್ಲಿ ಉಜ್ಜಾಟ ತಪ್ಪಿದ್ದಲ್ಲ. ಅಂಥ ಜಾಗಗಳಲ್ಲಿ ಈ ಕಸೂತಿ ಹಾಕಿ ಮಾರುವುದನ್ನು ನಾನು ಕಂಡಿದ್ದೇನೆ; ಒಂದೇ ವರ್ಷದಲ್ಲಿ ಅದು ಉಣ್ಣೆಯ ಜೊಂಪೆಯಂತಾಗುತ್ತದೆ, ಅದು ರೇಷ್ಮೆಗೂ ಕೊಂಡವರಿಗೂ ಮಾಡುವ ಅನ್ಯಾಯ. ಆದ್ದರಿಂದ ಕಾಲರ್ ಇಲ್ಲದ, ಸೊಂಟದವರೆಗಿನ, ಸರಳ ತೋಳಿನ ಅಂಗಿ. ಕಸೂತಿ ಬೆನ್ನಿನಲ್ಲೂ ಎದೆಯ ಎರಡು ಪಟ್ಟಿಗಳಲ್ಲೂ ಮಾತ್ರ. ಬೆನ್ನಿಗೆ ಜೀವವೃಕ್ಷ, ಅದರ ಎರಡು ಕಡೆ ಎದುರುಬದುರಾಗಿ ಕೂತ ಹಕ್ಕಿಗಳು. ಎದೆಯ ಒಂದು ಕಡೆ ಕಾರ್ನೇಷನ್, ಇನ್ನೊಂದು ಕಡೆ ಗುಲಾಬಿ. ಕಾರ್ನೇಷನ್ ಗಂಡು, ಗುಲಾಬಿ ಹೆಣ್ಣು, ಜೋಡಿಹಕ್ಕಿ ದಂಪತಿ ಎಂಬುದು ಇಲ್ಲಿ ಎಲ್ಲರೂ ಬಲ್ಲ ಓದು. ಗುಂಡಿ ಹಾಕಿದಾಗ ಎರಡು ಹೂಗಳೂ ಮುಖಾಮುಖಿಯಾಗುವಂತೆ ಬರೆದುಕೊಂಡೆ.

ಕೊಲ್ಶದ ಮೇಲೆ ಪಾರದರ್ಶಕ ಹಾಳೆ ಹರಡಿ, ಮೃದುವಾದ ಸೀಸದಿಂದ, ಕೈಯ ಭಾರ ಬೀಳದಂತೆ ಹಕ್ಕಿಗಳನ್ನು ಎತ್ತಿಕೊಂಡು, ಅಂಗಿಯ ಅಳತೆಗೆ ಕುಗ್ಗಿಸಿದೆ. ಆ ಹಾಳೆಗೆ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹೊಡೆದು, ಲಿನನ್ ಮೇಲಿಟ್ಟು, ಇದ್ದಿಲ ಪುಡಿಯನ್ನು ಬಟ್ಟೆಯ ಗಂಟಿನಿಂದ ಉಜ್ಜಿದರೆ ಕೆಳಗೆ ಚುಕ್ಕೆಗಳ ಸಾಲು ಮೂಡುತ್ತದೆ. ನಮ್ಮಲ್ಲಿ ಸೀರೆಗೆ ಆರಿ ಕೆಲಸ ಮಾಡುವವರ ಕ್ರಮವೂ ಇದೇ. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು: ಅಂಗಿಯ ಭಾಗಗಳನ್ನು ಮೊದಲು ಕತ್ತರಿಸಬಾರದು. ಅವುಗಳ ಆಕಾರವನ್ನು ಇಡಿಯ ಬಟ್ಟೆಯ ಮೇಲೆ ಎಳೆನೂಲಿನಿಂದ ಗುರುತಿಸಿ, ಕಸೂತಿ ಮುಗಿದ ಮೇಲೆಯೇ ಕತ್ತರಿ ತೆಗೆಯಬೇಕು. ಕಸೂತಿಯ ಯಾವ ಎಳೆಯೂ ಹೊಲಿಗೆಯ ಗೆರೆಗೆ ಒಂದೂವರೆ ಸೆಂಟಿಮೀಟರ್‌ಗಿಂತ ಹತ್ತಿರ ಬರಬಾರದು.

ಇನ್ನು ಹೊಲಿಗೆ. ನನ್ನ ಅತ್ತೆ ಧಾರವಾಡದವರು; ಅವರು ಕಲಿಸಿದ ಗವಂತಿ ಎಂಬ ಹೊಲಿಗೆಯಲ್ಲಿ ಎಳೆಗಳನ್ನು ಎಣಿಸಿ ಹೋಗಿ ಬಂದು ಎರಡೂ ಮುಖ ಒಂದೇ ಆಗುವಂತೆ ಮಾಡುವುದೇ ಜಾಣ್ಮೆ. ಇಲ್ಲಿ ಅದರ ತಿರುಗುಮುರುಗು. ಸೂಜಿ ಆಕೃತಿಯ ಎಡ ಅಂಚಿನಲ್ಲಿ ಮೇಲೆ ಬಂದು, ಅಡ್ಡಲಾಗಿ ಸಾಗಿ, ಬಲ ಅಂಚಿನಲ್ಲಿ ಕೆಳಗಿಳಿದು, ಅಲ್ಲೇ ಪಕ್ಕದಲ್ಲಿ ಮತ್ತೆ ಮೇಲೆ ಬಂದು ಎಡಕ್ಕೆ ಹಿಂದಿರುಗುತ್ತದೆ. ಹೀಗಾಗಿ ರೇಷ್ಮೆಯೆಲ್ಲ ಮುಂದೆಯೇ ಇರುತ್ತದೆ. ಹಿಂದೆ ಕಾಣುವುದು ಅಂಚಿನುದ್ದಕ್ಕೂ ಸಾಸಿವೆಯಂಥ ಚುಕ್ಕೆಗಳು. ಬೆಲೆಬಾಳುವ ನೂಲನ್ನು ಹಿಂಬದಿಯಲ್ಲಿ ಹುಗಿದು ಹಾಳುಮಾಡದ ಮಿತವ್ಯಯ ಇದು. ತೀರಾ ಒತ್ತಾಗಿ ಬಂದರೆ ಹೊಸ ಎಳೆ ಹಳೆಯದನ್ನು ಕೆದಕುವುದರಿಂದ, ಒಂದೊಂದು ಎಳೆಯ ಜಾಗ ಬಿಟ್ಟು ಸಾಗಿ, ಬರುವಾಗ ಆ ಸಂದುಗಳನ್ನು ತುಂಬುತ್ತಿದ್ದೆ. ಇದಾದ ಮೇಲೆ ಮಲಗಿದ ಎಳೆಗಳಿಗೆ ಅಡ್ಡಲಾಗಿ, ಅಷ್ಟಷ್ಟು ದೂರಕ್ಕೆ, ಒಂದೊಂದು ಎಳೆಯನ್ನು ಹಾಯಿಸಿ, ಅದನ್ನು ಸಣ್ಣ ಸಣ್ಣ ಹೊಲಿಗೆಗಳಿಂದ ಬಟ್ಟೆಗೆ ಕಟ್ಟಬೇಕು. ಒಂದು ಸಾಲಿನ ಕಟ್ಟು ಮುಂದಿನ ಸಾಲಿನ ಎರಡು ಕಟ್ಟುಗಳ ನಡುವೆ, ಇಟ್ಟಿಗೆ ಗೋಡೆಯಂತೆ, ಬರಬೇಕು. ಅಜ್ಜಿಯ ಕೊಲ್ಶದಲ್ಲಿ ಅಡ್ಡ ಎಳೆಗಳ ನಡುವಿನ ಅಂತರ 5 ಮಿಲಿಮೀಟರ್ ಇತ್ತು. ಅಂಗಿಗೆ ಅದು ಸಾಲದು. ನಾನು 3 ಮಿಲಿಮೀಟರ್‌ಗೆ ಇಳಿಸಿದೆ. ಹೊಳಪು ಸ್ವಲ್ಪ ತಗ್ಗಿತು ಎಂಬುದನ್ನು ಒಪ್ಪುತ್ತೇನೆ, ಆದರೆ ಬಳೆ ತಗುಲಿದರೆ ಎಳೆ ಏಳುವುದಿಲ್ಲ.

ನೂಲನ್ನು 45 ಸೆಂಟಿಮೀಟರ್‌ಗಿಂತ ಉದ್ದ ತೆಗೆದುಕೊಂಡರೆ ಕೊನೆಯ ಹೊತ್ತಿಗೆ ಅದು ಜೇಡರ ಬಲೆಯಾಗುತ್ತದೆ. ಚಳಿಗಾಲದ ಒಣಗಾಳಿಗೆ ಬಿರಿದ ಬೆರಳ ತುದಿಗಳೂ ಎಳೆಗಳನ್ನು ಕೀಳುತ್ತವೆ. ಸಕ್ಕರೆಗೆ ಎರಡು ಹನಿ ಆಲಿವ್ ಎಣ್ಣೆ ಹಾಕಿ ಕೈ ಉಜ್ಜಿ, ಸಾಬೂನಿನಿಂದ ತೊಳೆದು, ಒರೆಸಿಕೊಂಡು ಕೂರುವುದನ್ನು ಅಜ್ಜಿಯೇ ಕಲಿಸಿದರು.

ಎಳೆ ಯಾವ ದಿಕ್ಕಿಗೆ ಮಲಗಬೇಕೆಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದ ವಿಚಾರ. ಒಂದೇ ಹಸಿರಿನ ಎಲೆಯ ಎರಡು ಅರ್ಧಗಳಲ್ಲಿ ಎಳೆಗಳನ್ನು ಬೇರೆ ಬೇರೆ ಓರೆಯಲ್ಲಿ ಮಲಗಿಸಿದರೆ, ಕಿಟಕಿಯ ಬೆಳಕಿನಲ್ಲಿ ಒಂದು ಅರ್ಧ ತಿಳಿಹಸಿರು, ಇನ್ನೊಂದು ಗಾಢ ಹಸಿರು. ಬಟ್ಟೆಯನ್ನು ತಿರುಗಿಸಿದರೆ ಅವೆರಡೂ ಅದಲುಬದಲಾಗುತ್ತವೆ. ಅಜ್ಜಿಯ ಅಜ್ಜಿ ಇದನ್ನು ಎಷ್ಟು ಚೆನ್ನಾಗಿ ಅರಿತಿದ್ದರೆಂದರೆ, ಹಕ್ಕಿಯ ಎದೆಯನ್ನು ಉದ್ದಕ್ಕೂ ರೆಕ್ಕೆಯನ್ನು ಅಡ್ಡಕ್ಕೂ ತುಂಬಿ, ಎರಡಕ್ಕೂ ಒಂದೇ ಬಿಳಿಯ ನೂಲನ್ನು ಬಳಸಿದ್ದಾರೆ. ಆದರೂ ರೆಕ್ಕೆ ಎದೆಯಿಂದ ಎದ್ದು ಬಂದಂತೆ ಕಾಣುತ್ತದೆ. ನಾನು ಮೊದಲು ಅದನ್ನು ಎರಡು ಬಣ್ಣವೆಂದೇ ತಿಳಿದು ಎರಡು ಛಾಯೆಯ ನೂಲು ಸಿದ್ಧಮಾಡಿಕೊಂಡಿದ್ದೆ. ಮಸೂರ ಹಿಡಿದು ನೋಡಿದಾಗಲೇ ನಿಜ ತಿಳಿದದ್ದು. ಅಂಗಿಯ ವಿಷಯದಲ್ಲಿ ಇದಕ್ಕೆ ಇನ್ನೊಂದು ಫಲವಿದೆ: ತೊಟ್ಟವಳು ನಡೆದಾಡಿದಾಗ ಬೆನ್ನ ಮೇಲಿನ ಮರದ ಬೆಳಕು ಹೆಜ್ಜೆ ಹೆಜ್ಜೆಗೂ ಬದಲಾಗುತ್ತದೆ. ಗೋಡೆಗೆ ತೂಗುಹಾಕಿದ ಕೊಲ್ಶದಲ್ಲಿ ಅದು ಸಿಗದು.

ಫೆಬ್ರುವರಿಯಲ್ಲಿ ದೊಡ್ಡ ತಪ್ಪೊಂದಾಯಿತು. ಮೊದಲ ಹಕ್ಕಿಯನ್ನು ಮುಗಿಸಿ, ನೋಡುವ ಆಸೆಯಿಂದ, ಲಿನನ್ ಬಟ್ಟೆಯನ್ನು ಬಿಗಿದು ಕಟ್ಟಿದ್ದ ಚೌಕಟ್ಟಿನ ಹಗ್ಗ ಸಡಿಲಿಸಿದೆ. ಹಕ್ಕಿಯ ಸುತ್ತ ಲಿನನ್ ಬಾಡಿದ ಎಲೆಯಂತೆ ಸುಕ್ಕುಗಟ್ಟಿತು. ಚೌಕಟ್ಟಿನ ಹಗ್ಗ ದಿನದಿನವೂ ಸಡಿಲಾಗುತ್ತಿತ್ತು, ನಾನು ಬೆಳಿಗ್ಗೆ ಅದನ್ನು ಬಿಗಿಯದೆ, ಬಟ್ಟೆಯ ಸಡಿಲನ್ನು ನೂಲಿನ ಬಿಗಿತದಿಂದ ಸರಿದೂಗಿಸುತ್ತಿದ್ದೆ. ಹೊಲಿಗೆಯ ಹೆಸರೇ ಸಡಿಲವೆಂದಿರುವಾಗ ನಾನು ಎಳೆಯನ್ನು ತಂಬೂರಿಯ ತಂತಿಯಂತೆ ಎಳೆದಿದ್ದೆ. ಹತ್ತೊಂಬತ್ತು ದಿನದ ಕೆಲಸವನ್ನು ಹಿಂಬದಿಯಿಂದ ಕತ್ತರಿಸಿ, ಚಿಮಟದಿಂದ ಎಳೆ ಎಳೆಯಾಗಿ ಬಿಡಿಸಬೇಕಾಯಿತು. ಒಮ್ಮೆ ಮಲಗಿಸಿದ ರೇಷ್ಮೆಯನ್ನು ಮತ್ತೆ ಬಳಸಲಾಗದು. 4 ಗ್ರಾಂ ಬಿಳಿ ನೂಲು ಹೋಯಿತು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಮೊದಲ ಕೆಲಸ ಲಿನನ್ ಮೇಲೆ ಬೆರಳು ಬಡಿದು ತಮಟೆಯಂತೆ ಸದ್ದು ಬರುವವರೆಗೆ ಹಗ್ಗ ಬಿಗಿಯುವುದು; ಆಮೇಲೆ ನೂಲನ್ನು ತನ್ನ ಭಾರಕ್ಕೇ ಕೂರುವಂತೆ ಇಳಿಬಿಡುವುದು.

ಮೇ ಮೊದಲ ವಾರಕ್ಕೆ ಕಸೂತಿ ಮುಗಿಯಿತು. ಬರೆದಿಟ್ಟುಕೊಂಡ ಲೆಕ್ಕದ ಪ್ರಕಾರ 310 ಗಂಟೆ, ಹಾಳಾದದ್ದೂ ಸೇರಿ 29 ಗ್ರಾಂ ರೇಷ್ಮೆ. ಇಸ್ತ್ರಿ ಹಾಕಿದರೆ ಎಳೆಗಳು ಜಜ್ಜಿಹೋಗುತ್ತವೆ. ಆದ್ದರಿಂದ ಚೌಕಟ್ಟಿನಲ್ಲಿರುವಾಗಲೇ ಹಿಂಬದಿಯನ್ನು ಒದ್ದೆ ಬಟ್ಟೆಯಿಂದ ಸವರಿ ಒಣಗಲು ಬಿಟ್ಟೆ. ಹಿಂದೆ ಗಂಜಿ ಹಚ್ಚಿ ಗಟ್ಟಿಮಾಡುವ ಸಲಹೆಯೂ ಬಂತು, ನಾನು ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ನೂರು ವರ್ಷ ಇರಬೇಕಾದ ಬಟ್ಟೆಗೆ ಗಂಜಿ ಎಂದರೆ ಹುಳುಹುಪ್ಪಟೆಗೆ ಊಟ ಬಡಿಸಿದಂತೆ. ಆಮೇಲೆ ಕತ್ತರಿಸುವುದು, ಕೈಹೊಲಿಗೆಯಲ್ಲಿ ಜೋಡಿಸುವುದು, ಒಳಗೆ ಹತ್ತಿಯ ತೆಳು ಅಸ್ತರಿ ಕೊಡುವುದು ಎಲ್ಲ ಹತ್ತು ದಿನದ ಮಾತು. ಅಜ್ಜಿ ತಮ್ಮಲ್ಲಿದ್ದ ವಿಯಾನ ಎಂಬ ಊರಿನ ಬೆಳ್ಳಿ ತಂತಿಕೆಲಸದ ಗುಂಡಿಗಳನ್ನು ಪ್ರೀತಿಯಿಂದ ತಂದುಕೊಟ್ಟರು. ಅವುಗಳ ಸೂಕ್ಷ್ಮ ತಂತಿಗಳು ರೇಷ್ಮೆಗೆ ಮುಳ್ಳಿದ್ದಂತೆ ಎಂದು ತೋರಿಸಿಕೊಟ್ಟು, ಅದೇ ಲಿನನ್ ಸುತ್ತಿದ ಗುಂಡಿಗಳನ್ನು ಹಾಕಿದೆ; ಬೆಳ್ಳಿಯವು ಮೊಮ್ಮಗಳ ಕಿವಿಗೆ ಓಲೆಯಾದವು.

ಕೊಲ್ಶದ ಕೆಲಸಕ್ಕೆ ಕೊನೆಯ ಮೂರು ವಾರ ಉಳಿದಿತ್ತು. ಅಲ್ಲಿ ಹೊಸ ರೇಷ್ಮೆ ತುಂಬಿ ಹೊಸದರಂತೆ ಮಾಡುವ ಮನಸ್ಸು ಯಾರಿಗಾದರೂ ಬರುತ್ತದೆ, ನನಗೂ ಬಂತು. ಆದರೆ ಹಳೆಯ ಎಳೆ ಒಂದಿಷ್ಟೇ ಉಳಿದಿದ್ದರೂ ಅದು ಆ ಹೆಂಗಸಿನ ಕೈ. ಎದ್ದು ನಿಂತ ತುಣುಕುಗಳನ್ನು ಒದ್ದೆ ಕುಂಚದಿಂದ ಅವುಗಳ ಹಳೆಯ ದಿಕ್ಕಿಗೆ ಮಲಗಿಸಿ, ಒಂದೇ ಒಂದು ಗೂಡಿನೆಳೆಯಷ್ಟು ಸಣ್ಣದಲ್ಲದಿದ್ದರೂ ಕೂದಲಿಗಿಂತ ತೆಳುವಾದ ರೇಷ್ಮೆಯಿಂದ ಅಡ್ಡ ಕಟ್ಟುಗಳನ್ನು ಹಾಕಿದೆ. ಪೂರ್ತಿ ಬರಿದಾದ ಕಡೆ ಲಿನನ್ ಕಾಣುವಂತೆಯೇ ಬಿಟ್ಟೆ. ಎಳೆಗಳನ್ನು ತುಂಡರಿಸಿದ್ದು ಮಡಿಕೆಯಾದ್ದರಿಂದ, ಈಗ ಅದನ್ನು ಕಸೂತಿ ಹೊರಗೆ ಬರುವಂತೆ ದಪ್ಪ ರಟ್ಟಿನ ಕೊಳವೆಗೆ ಸುತ್ತಿ, ತೊಳೆದ ಹತ್ತಿಬಟ್ಟೆ ಹೊದಿಸಿ ಇಟ್ಟಿದ್ದೇವೆ.

ಅಂಗಿಯನ್ನು ಕೊಡುವ ಮೊದಲು ಅಸ್ತರಿಯ ಒಳಗೆ, ಎಡ ಪಕ್ಕೆಯಲ್ಲಿ, ಅಂಗೈ ಅಗಲದ ಜೇಬೊಂದನ್ನು ಹೊಲಿದೆ. ಅದರಲ್ಲಿ ಪ್ರತಿ ಬಣ್ಣದ ಎರಡೆರಡು ಗ್ರಾಂ ನೂಲನ್ನು ಒಂದು ರಟ್ಟಿಗೆ ಸುತ್ತಿ, ಯಾವ ಬಣ್ಣ ಯಾವುದರಿಂದ ಬಂತು, ಅಡ್ಡ ಕಟ್ಟಿನ ಅಂತರ ಎಷ್ಟು, ಯಾವ ಎಳೆ ಯಾವ ದಿಕ್ಕಿಗೆ ಎಂಬುದನ್ನು ಪೋರ್ಚುಗೀಸಿನಲ್ಲಿ ಬರೆದ ಚೀಟಿಯೊಂದಿಗೆ ಇಟ್ಟಿದ್ದೇನೆ. ಚೀಟಿಯ ಅಕ್ಷರಗಳನ್ನು ಅಜ್ಜಿಯೇ ತಿದ್ದಿ ಶುದ್ಧಪ್ರತಿ ಬರೆದುಕೊಟ್ಟರು.